ಭಾರತಮ್ಮನ ಪಥ್ಯ

ನಮ್ಮೂರಲ್ಲಿ ಯಾರಿಗಾದರೂ ತಲೆ ಸರಿಯಿಲ್ಲ ಅನ್ನಿಸಿದರೆ ಮನೆಯವರು ಮೊದಲು ಹೋಗುತ್ತಿದ್ದುದು ಭಾರತಮ್ಮನ ಹತ್ತಿರ. ಡಾಕ್ಟರು, ದೇವರು ಎಲ್ಲ ಆಮೇಲೆ. ಆಕೆ ಜಗಲಿಯ ಮೇಲೆ ಕೂತು ಬಂದವರ ಮಾತನ್ನು ಅರ್ಧ ಕೇಳಿ, ಮಿಕ್ಕ ಅರ್ಧವನ್ನು ತಾನೇ ಹೇಳಿ ಮುಗಿಸುತ್ತಿದ್ದಳು. "ನಿದ್ದೆ ಮಾಡಲ್ಲ ಅಲ್ವಾ? ಸುಮ್‌ಸುಮ್ನೆ ನಗ್ತಾನಾ? ಹಂಗಾದ್ರೆ ಮಂತ್ರ ಯಂತ್ರ ಅಂತ ಅಲೀಬೇಡ್ರಿ. ಬೆಳಿಗ್ಗೆ ಬಸ್ಸಿಗೆ ಕೋಲಾರಕ್ಕೆ ನಡೀರಿ, ನಾನೂ ಬರ್ತೀನಿ." ಹೇಳಿದಂತೆ ಹೋಗುತ್ತಲೂ ಇದ್ದಳು. ಹಾಗೆ ಆಕೆಯಿಂದ ಬದುಕಿಕೊಂಡವರು ಕ್ಯಾಲನೂರಿನ ಸುತ್ತಮುತ್ತ ಬೇಕಾದಷ್ಟು ಜನ ಇದ್ದಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವುದನ್ನು ಕೇಳಿ ಯಾರೂ ಆಕೆಯನ್ನು ಕೆಟ್ಟವಳು ಅಂದುಕೊಳ್ಳಬಾರದು.

ನಾನು ಧನಶ್ರೀ, ಆಕೆಯ ಎದುರು ಮನೆಯವಳು. ನಮ್ಮೂರ ಹಾಲಿನ ಡೈರಿಯ ಸೆಕ್ರೆಟರಿ. ಬೆಳಿಗ್ಗೆ ಸಂಜೆ ಹಾಲು ಅಳೆದು, ನೀರು ಬೆರೆಸಿದವರ ಜೊತೆ ಜಗಳ ಆಡುವುದು ನನ್ನ ಕೆಲಸ. ನನ್ನ ಬಾಯಿ ಸ್ವಲ್ಪ ಜೋರು ಅಂತ ಊರಲ್ಲಿ ಹೇಳುತ್ತಾರೆ, ಹೇಳಿಕೊಳ್ಳಲಿ. ಭಾರತಮ್ಮನನ್ನು ನಾನು ಭಾರತಕ್ಕ ಅನ್ನುತ್ತಿದ್ದೆ. ನನಗೆ ಆಕೆಯ ಮೇಲೆ ಪ್ರೀತಿಯೂ ಇತ್ತು, ಎಲ್ಲ ತನಗೇ ಗೊತ್ತು ಅನ್ನುವ ಆಕೆಯ ಧಾಟಿ ಕಂಡು ಮೈ ಉರಿಯುತ್ತಲೂ ಇತ್ತು.

ಆ ಧಾಟಿ ಬಿಟ್ಟಿಯಾಗಿ ಬಂದದ್ದಲ್ಲ. ಚನ್ನರಾಯಪ್ಪನ ಹೆಂಡತಿಯಾಗಿ ಆಕೆ ಈ ಊರಿಗೆ ಬಂದ ವರ್ಷವೇ ನಾದಿನಿ ಗಂಗಾಲಕ್ಷ್ಮಿಗೆ ಕಾಯಿಲೆ ಕಾಣಿಸಿಕೊಂಡಿತು. ಹತ್ತನೇ ಕ್ಲಾಸು ಪಾಸಾಗಿದ್ದ ಚೆಂದದ ಹುಡುಗಿ ಇದ್ದಕ್ಕಿದ್ದ ಹಾಗೆ ನಿದ್ದೆ ಬಿಟ್ಟಳು. ಮನೆಯ ಹಿತ್ತಾಳೆ ಪಾತ್ರೆಗಳನ್ನೆಲ್ಲ ಬೀದಿಯವರಿಗೆ ಹಂಚಿದಳು. ರೇಷ್ಮೆ ಸೀರೆ ಉಟ್ಟು ಮಾಲೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು, ಬಂದು ಹೋಗುವವರ ಹೆಸರು ಕೇಳಿ ಕೇಳಿ ಅವರ ಮೇಲೆ ಪದ ಕಟ್ಟಿ ಹಾಡಿದಳು. ಮನೆಯವರು ಗಾಳಿ ಸೋಕಿದೆ ಎಂದು ಬೇವಿನ ಸೊಪ್ಪಿನಲ್ಲಿ ಹೊಡೆಸಿ, ರೇಷ್ಮೆ ಹುಳು ಸಾಕುವ ಹುಳುಮನೆಯ ಕಂಬಕ್ಕೆ ಕಟ್ಟಿಹಾಕಿದರು. ಹೊಸ ಸೊಸೆ ಭಾರತಕ್ಕ ಎಲ್ಲರೂ ಹೊಲಕ್ಕೆ ಹೋದ ಹೊತ್ತು ನೋಡಿ ಹಗ್ಗ ಬಿಚ್ಚಿ, ಹುಡುಗಿಯ ಕೈ ಹಿಡಿದು ಬಸ್ ಹತ್ತಿಸಿದಳು. ಕೋಲಾರದ ಡಾಕ್ಟರು ಕೊಟ್ಟದ್ದು ಲಿಥಿಯಂ ಎಂಬ ಮಾತ್ರೆ. ಅದು ಗಂಗಕ್ಕನಿಗೆ ಹಿಡಿಯಿತು. ಎರಡು ಸಲ ತಾನೇ ಮಾತ್ರೆ ಬಿಟ್ಟು ಕಾಯಿಲೆ ಮರುಕಳಿಸಿದ್ದು ಬಿಟ್ಟರೆ, ಅವಳು ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳು ಮೇಯಿಸಿ, ಹಸು ಹಾಲು ಕರೆದು ಎಲ್ಲರಂತೆ ಬಾಳಿದಳು. ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವುದರಲ್ಲಂತೂ ಅವಳಷ್ಟು ಚುರುಕಾದ ಕೈ ಇನ್ನೊಂದಿರಲಿಲ್ಲ. ಯಾರ ಮನೆಯಲ್ಲಿ ಹುಳು ಹಣ್ಣಾದರೂ ಅವಳಿಗೆ ಕರೆ ಬರುತ್ತಿತ್ತು.

ಆ ಮಾತ್ರೆಗೊಂದು ಕಟ್ಟಳೆ ಇದೆ. ಅದೂ ಒಂದು ಜಾತಿಯ ಉಪ್ಪೇ ಅಂತೆ. ಊಟದಲ್ಲಿ ಉಪ್ಪು ಕಡಿಮೆಯಾದರೆ, ನೀರು ಕಡಿಮೆಯಾದರೆ, ಮೈ ಅದನ್ನು ಹೊರಗೆ ಬಿಡದೆ ಒಳಗೇ ಕೂಡಿಟ್ಟುಕೊಳ್ಳುತ್ತದೆ. ಕೂಡಿದ್ದು ವಿಷವಾಗುತ್ತದೆ. ಇದನ್ನು ನಾನು ಕೇಳಿದ್ದು ಭಾರತಕ್ಕನ ಬಾಯಲ್ಲೇ. ಹಿಂದಿನ ವರ್ಷ ಪಂಚಾಯತಿ ಆವರಣದಲ್ಲಿ ಆರೋಗ್ಯ ಶಿಬಿರ ನಡೆದಾಗ ಕೋಲಾರದ ಮನೋರೋಗದ ಡಾಕ್ಟರ್ ಚೈತನ್ಯ ಅವರು, "ರೋಗೀನ ಮನೇಲಿ ಹೇಗೆ ನೋಡ್ಕೋಬೇಕು ಅಂತ ಇವರನ್ನ ನೋಡಿ ಕಲೀರಿ" ಎಂದು ಆಕೆಯ ಕೈಗೆ ಮೈಕ್ ಕೊಟ್ಟಿದ್ದರು. ಆಕೆ ಮಕ್ಕಳು ಮಗ್ಗಿ ಒಪ್ಪಿಸುವಂತೆ ತಡವರಿಸದೆ ಹೇಳಿದಳು: "ಈ ಮಾತ್ರೆ ನುಂಗೋರು ಉಪ್ಪು ಬಿಡಬಾರ್ದು. ನೀರು ಕಮ್ಮಿ ಮಾಡಬಾರ್ದು. ವಾಂತಿ ಭೇದಿ ಆದ್ರೆ ಅವತ್ತೇ ಡಾಕ್ಟ್ರ ಹತ್ರ ಬರಬೇಕು." ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಈ ವರ್ಷ ಯುಗಾದಿ ಕಳೆದ ಮೇಲೆ ಬಿಸಿಲು ಕಾದ ಹಂಚಿನಂತಾಯಿತು. ಗಂಗಕ್ಕ ಹಗಲೆಲ್ಲ ಹಿಪ್ಪುನೇರಳೆ ತೋಟದಲ್ಲಿ ಬೆವರು ಸುರಿಸಿ ಬಂದು, ಉಚ್ಚೆ ಅರಿಶಿನದ ಹಾಗೆ ಹೋಗುತ್ತಿದೆ ಅಂತ ಅತ್ತಿಗೆಗೆ ಹೇಳಿದಳು. ಭಾರತಕ್ಕ ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, ಉಗುರು ಒತ್ತಿ ನೋಡಿ, ತೀರ್ಪು ಕೊಟ್ಟಳು. "ಕಾಮಾಲೆ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಇಲ್ಲಿ ಗಂಗಕ್ಕನಿಗೆ ಕಾಮಾಲೆ ಇರಲೇ ಇಲ್ಲ ಅನ್ನುವುದು ಆಮೇಲೆ ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು. ನೀರು ಸಾಲದೆ ಉಚ್ಚೆ ಹಳದಿಯಾಗಿತ್ತು, ಅಷ್ಟೆ.

ಕಾಮಾಲೆಗೆ ನಮ್ಮ ಕಡೆ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ. ಮೇಷ್ಟ್ರು, ಕಂಡಕ್ಟರು, ಕಚೇರಿ ಗುಮಾಸ್ತರು ಎಲ್ಲರೂ ಬರಿಹೊಟ್ಟೆಯಲ್ಲಿ ಹೋಗಿ ನಾಟಿ ಔಷಧಿ ಕುಡಿಯುವವರೇ. ಚಿಕ್ಕವಳಿದ್ದಾಗ ನಾನೂ ಕುಡಿದಿದ್ದೇನೆ. ಶ್ರೀನಿವಾಸಪುರದ ಆಚೆ ಮಾವಿನ ತೋಪಿನೊಳಗಿನ ಒಂದು ಮನೆಯಲ್ಲಿ ಹಸಿರು ರಸ ಕೊಡುತ್ತಾರೆ. ರಸ ಒಂದೇ ಗುಟುಕು, ಪಥ್ಯ ಮಾತ್ರ ಉದ್ದ. ಉಪ್ಪಿಲ್ಲ, ಎಣ್ಣೆಯಿಲ್ಲ, ಖಾರವಿಲ್ಲ. ನಡುವೆ ಮುರಿದರೆ ಔಷಧಿ ತಿರುಗಿ ವಿಷವಾಗುತ್ತದೆ ಅಂತ ಹೆದರಿಸಿ ಕಳಿಸುತ್ತಾರೆ.

ಭಾರತಕ್ಕನಿಗೆ ಮೈಕಿನಲ್ಲಿ ಹೇಳಿದ ಮಾತು ಆಗ ನೆನಪಾಗಲಿಲ್ಲವೇ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ. ಅದು ತಲೆ ಮಾತ್ರೆಯ ವಿಷಯ, ಇದು ಪಿತ್ತದ ವಿಷಯ, ಎರಡನ್ನೂ ಒಟ್ಟಿಗೆ ಇಟ್ಟು ನೋಡಲೇ ಇಲ್ಲ ಅಂದಳು. ಚಪ್ಪಾಳೆ ತಟ್ಟಿದ್ದ ನನಗೂ ಆಗ ಹೊಳೆಯಲಿಲ್ಲ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಾನಿಯಲ್ಲಿ ಬಿತ್ತಂತೆ.

ಆಕೆ ಯಾವುದನ್ನೂ ಅರ್ಧಂಬರ್ಧ ಮಾಡುವವಳಲ್ಲ. ಪಥ್ಯ ಅಂದರೆ ಪಥ್ಯ. ಸಪ್ಪೆ ಮುದ್ದೆ, ಸಪ್ಪೆ ಬೇಳೆ ಕಟ್ಟು. ಒಂದು ದಿನ ಗಂಗಕ್ಕ ತಡೆಯಲಾರದೆ ಪಕ್ಕದ ಮನೆಗೆ ಹೋಗಿ ಒಂದು ಹೋಳು ಉಪ್ಪಿನಕಾಯಿ ಕೊಡಿ ಅಂತ ಕೈ ಚಾಚಿದಳಂತೆ. ಭಾರತಕ್ಕ ಓಡಿ ಹೋಗಿ ಅವಳ ಕೈಯಿಂದ ಅದನ್ನು ಕಿತ್ತು ಬಿಸಾಕಿ, ಕೊಟ್ಟವರಿಗೆ ಬೀದಿಗೆಲ್ಲ ಕೇಳುವ ಹಾಗೆ ಬೈದು ಬಂದಳು. "ನಮ್ ಹುಡ್ಗೀನ ಸಾಯಿಸ್ಬೇಕು ಅಂತಿದ್ದೀರಾ?" ಆ ಬೈಗುಳ ನಾನು ಡೈರಿಯಲ್ಲಿ ಕೂತೇ ಕೇಳಿಸಿಕೊಂಡೆ.

ಕೆಲವು ದಿನ ಕಳೆದ ಮೇಲೆ ಗಂಗಕ್ಕ ಹಾಲು ಹಾಕಲು ಬಂದಾಗ ಅವಳ ಕೈ ನಡುಗಿ ಕ್ಯಾನಿನ ಹಾಲು ಅರ್ಧ ನೆಲಕ್ಕೆ ಚೆಲ್ಲಿತು. ಹೊಟ್ಟೆಯೂ ಕೆಟ್ಟಿತ್ತು. ವಾಪಸು ಹೋಗುವಾಗ ಕುಡಿದವರ ಹಾಗೆ ಓಲಾಡಿದಳು. ಇನ್ನೆರಡು ದಿನಕ್ಕೆ ಅಣ್ಣ ಚನ್ನರಾಯಪ್ಪನನ್ನೇ ನೋಡಿ, "ಯಾರ್ ನೀನು? ಹುಳುಮನೆಗೆ ಚಪ್ಲಿ ಹಾಕ್ಕೊಂಡ್ ಬಂದಿದ್ದೀಯಲ್ಲ!" ಎಂದು ಗದರಿದಳು. ಅವಳು ಕೂತಿದ್ದುದು ಅಡುಗೆಮನೆಯಲ್ಲಿ.

"ನಾನು ಕೊಟ್ಟ ಮಾತ್ರೆ ಮರೇಲಿ ಉಗುಳವ್ಳೆ," ಅಂದಳು ಭಾರತಕ್ಕ. "ಹಳೇ ಕಾಯ್ಲೆ ಮತ್ತೆ ಬಂತು. ಧನಶ್ರೀ, ಆಟೋ ಕರಿಯೇ." ಒಂದು ಕ್ಷಣವೂ ಅನುಮಾನವಿರಲಿಲ್ಲ ಆ ದನಿಯಲ್ಲಿ. ಊರಿಗೆಲ್ಲ ಅದನ್ನೇ ಹೇಳಿ ಆಟೋ ಹತ್ತಿದಳು. ನಾನೂ ಜೊತೆಗೆ ಹೋದೆ.

ಕೋಲಾರದ ಆ ಮನೋರೋಗದ ವಾರ್ಡು ಭಾರತಕ್ಕನಿಗೆ ತವರುಮನೆ ಇದ್ದ ಹಾಗೆ. ಆಯಾಗಳು ನಗುತ್ತಾ ಮಾತಾಡಿಸಿದರು, ನರ್ಸ್ ಆಶಾರಾಣಿ ಕಿಟಕಿ ಪಕ್ಕದ ಮಂಚ ಕೊಟ್ಟರು. ನಾನು ಕೆಳಗೆ ಚೀಟಿ ಮಾಡಿಸುವ ಸಾಲಿನಲ್ಲಿ ನಿಂತಿದ್ದಾಗ ಡಾಕ್ಟರ್ ಚೈತನ್ಯ ಬಂದು ಕೇಳಬೇಕಾದ್ದನ್ನೆಲ್ಲ ಕೇಳಿದ್ದಾರೆ. ಮಾತ್ರೆ ಸರಿಯಾಗಿ ನುಂಗುತ್ತಿದ್ದರಾ? ಇಲ್ಲ ಸಾರ್, ಉಗುಳಿದ್ದಾಳೆ. ಊಟ, ನೀರು? ಚೆನ್ನಾಗಿತ್ತು ಸಾರ್. ನಾಟಿ ಔಷಧಿ ಏನಾದರೂ? "ಅಯ್ಯೋ, ನಮ್ಮನೇಲಾ ಸಾರ್?" ಅಂದು ನಕ್ಕುಬಿಟ್ಟಿದ್ದಾಳೆ. ಡಾಕ್ಟರೂ ನಕ್ಕಿದ್ದಾರೆ. ಬೇರೆ ಯಾರಾದರೂ ಹೇಳಿದ್ದರೆ ಅವರು ಇನ್ನೆರಡು ಸಲ ಕೆದಕಿ ಕೇಳುತ್ತಿದ್ದರು. ಹೇಳಿದವಳು ಭಾರತಮ್ಮ. ಬಿಟ್ಟ ಮಾತ್ರೆಯನ್ನು ಮತ್ತೆ ಶುರು ಮಾಡಿ ಎಂದು ಬರೆದು, ರಕ್ತವನ್ನು ಬೆಂಗಳೂರಿಗೆ ಪರೀಕ್ಷೆಗೆ ಕಳಿಸಿದರು.

ಸಂಜೆಯಾಗುತ್ತಲೇ ಗಂಗಕ್ಕ ಹಾಸಿಗೆಯ ಮೇಲೆ ಎದ್ದು ಕೂತಳು. ಹೊದಿಕೆಯ ಮೇಲಿಂದ ಎರಡು ಬೆರಳಲ್ಲಿ ಏನನ್ನೋ ನವಿರಾಗಿ ಹೆಕ್ಕಿ ಹೆಕ್ಕಿ ದಿಂಬಿನ ಮೇಲೆ ಇಡತೊಡಗಿದಳು. ಅಲ್ಲಿ ಏನೂ ಇರಲಿಲ್ಲ. "ಹುಳು ಹಣ್ಣಾಗೋಗವೆ, ಬೇಗ್ ಬೇಗ ಎತ್ರೇ," ಎಂದು ಗೊಣಗುತ್ತಿದ್ದಳು. ನಾಲಿಗೆ ದಪ್ಪವಾಗಿತ್ತು. ಬೆರಳುಗಳು ಗಾಳಿಗೆ ಸಿಕ್ಕ ಎಲೆಯಂತೆ ಅದುರುತ್ತಿದ್ದವು. ಪಕ್ಕದ ಮಂಚದ ಹುಡುಗಿ ನಕ್ಕಳು. ರೌಂಡ್ಸಿಗೆ ಬಂದ ಡಾಕ್ಟರ ಬೂಟು ನೋಡಿ ಗಂಗಕ್ಕ, "ಚಪ್ಲಿ ಹೊರಗ್ ಬಿಡಯ್ಯಾ, ಹುಳೂಗೆ ರೋಗ ಬರುತ್ತೆ!" ಎಂದು ಕೂಗಿದಳು. ವಾರ್ಡೆಲ್ಲ ನಕ್ಕಿತು. ಭಾರತಕ್ಕನೂ ನಕ್ಕಳು. "ಇಲ್ಲೂ ಕೆಲ್ಸ ಬಿಡಲ್ಲ ನೋಡಿ ಸಾರ್."

ಡಾಕ್ಟರು ನಗಲಿಲ್ಲ. "ಗಂಗಾಲಕ್ಷ್ಮಿ, ಇದು ಯಾವ ಊರು? ಇವತ್ತು ಯಾವ ವಾರ?" ಅಂದರು. ಅವಳು ಉತ್ತರ ಕೊಡದೆ ಹುಳು ಹೆಕ್ಕುತ್ತಿದ್ದಳು. ಅವರು ಭಾರತಕ್ಕನ ಕಡೆ ತಿರುಗಿದರು. "ಹಳೇ ಕಾಯಿಲೆ ಜಾಸ್ತಿಯಾದಾಗ ಹೀಗಿತ್ತಾ? ಜಾಗ, ಜನ ಗೊತ್ತಾಗದೆ? ನನಗೆ ಇದು ಬೇರೆ ಥರ ಕಾಣುತ್ತೆ."

ಭಾರತಕ್ಕ ಗಂಗಕ್ಕನ ಕೈಗಳನ್ನು ಹೊದಿಕೆಯೊಳಗೆ ಸೇರಿಸಿದಳು. ಆಮೇಲೆ, "ಹಿಂಗೇ ಸಾರ್. ಇವಳದ್ದು ಯಾವಾಗ್ಲೂ ಹಿಂಗೇ," ಅಂದಳು.

ಮಾರನೆಯ ಬೆಳಿಗ್ಗೆ ನಾನು ಮತ್ತೆ ಹೋದಾಗ ಗಂಗಕ್ಕ ನನ್ನನ್ನು ಗುರುತಿಸಿ, "ನಮ್ಮ ಹಸು ಹಾಲು ಯಾರು ಹಾಕಿದ್ರು?" ಅಂತ ಕೇಳಿದಳು. ಭಾರತಕ್ಕನ ಮುಖ ಅರಳಿತು. "ನೋಡ್ದಾ, ಮಾತ್ರೆ ಹೊಟ್ಟೆಗೆ ಬಿತ್ತು, ಸರಿಯಾಯ್ತು." ಆ ಖುಷಿ ಮಧ್ಯಾಹ್ನದವರೆಗೂ ಬಾಳಲಿಲ್ಲ. ಗಂಗಕ್ಕನ ಕಣ್ಣು ಮತ್ತೆ ಎಲ್ಲೋ ಹೋಯಿತು. ಬೆರಳುಗಳು ಮತ್ತೆ ಹೊದಿಕೆಯ ಮೇಲೆ ಹುಳು ಹುಡುಕಿದವು.

ಊಟದ ಹೊತ್ತಿಗೆ ಚನ್ನರಾಯಪ್ಪ ಮನೆಯಿಂದ ಕ್ಯಾರಿಯರ್ ತಂದಿಟ್ಟು ಹೋದ. ಎದುರು ಮಂಚದ ರೋಗಿಯ ತಾಯಿ ದೊಡ್ಡಗಂಗಮ್ಮ ಮುಳಬಾಗಿಲಿನ ಆಚೆ, ಆಂಧ್ರದ ಗಡಿಯ ಕಡೆಯವಳು. ವಾರ್ಡಿನಲ್ಲಿ ಎಲ್ಲರೂ ಊಟ ಹಂಚಿಕೊಂಡು ತಿನ್ನುವುದು ವಾಡಿಕೆ. ಭಾರತಕ್ಕ ಗಂಗಕ್ಕನ ಬಾಯಿ ಒರೆಸುತ್ತಿದ್ದಾಗ ದೊಡ್ಡಗಂಗಮ್ಮ ತನ್ನ ತಟ್ಟೆಯ ಚಿತ್ರಾನ್ನ ಅತ್ತ ನೀಡಿ, ಕ್ಯಾರಿಯರಿನ ಸಾರನ್ನು ತನ್ನ ಮುದ್ದೆಗೆ ಬಿಟ್ಟುಕೊಂಡು ಒಂದು ತುತ್ತು ನುಂಗಿದಳು. ಮುಖ ಕಿವುಚಿದಳು.

"ಏಮಕ್ಕಾ, ಉಪ್ಪು ವೆಯ್ಯಲೇದಾ? ಒಂದು ಹರಳೂ ಉಪ್ಪಿಲ್ವಲ್ಲ!"

"ಮರೆತೋಯ್ತು," ಅಂದಳು ಭಾರತಕ್ಕ, ತಲೆ ಎತ್ತದೆ.

ನಾನು ಆಕೆಯ ಕೈ ಹಿಡಿದು ಹೊರಗಿನ ಪಡಸಾಲೆಗೆ ಎಳೆದುಕೊಂಡು ಹೋದೆ. "ಅಕ್ಕಾ, ಪಥ್ಯ ಇನ್ನೂ ನಡೀತಾ ಇದ್ಯಾ? ಇಲ್ಲೂ?"

"ಮಧ್ಯ ಬಿಟ್ರೆ ವಿಷ ಆಗುತ್ತೆ ಅಂತ ಹೇಳವ್ರೆ ಕಣೇ."

"ಯಾವ್ದು ವಿಷ ಆಗುತ್ತೆ ಅಂತ ಮೈಕ್ ಹಿಡ್ಕೊಂಡು ಹೇಳಿದೋಳು ನೀನಲ್ವಾ? ಡಾಕ್ಟ್ರಿಗೆ ಹೇಳಿದ್ದೀಯಾ ಇಲ್ವಾ?"

ಆಕೆ ಗೋಡೆಗೆ ಒರಗಿದಳು. ಮುಖ ಬಿಳಿಚಿಕೊಂಡಿತ್ತು. "ನಾಟಿ ಔಷ್ದಿ ಕೊಟ್ಟಿಲ್ಲ ಅಂತ ಹೇಳ್‌ಬಿಟ್ಟೆ. ಈಗ ಹೆಂಗೆ ಹೇಳ್ಲಿ? ಎಂಥೆಂಥೋರ್ನ ಇಲ್ಲಿಗೆ ಕರ್ಕೊಂಡು ಬಂದೋಳು ನಾನು. ಎಲ್ರಿಗೂ ಬುದ್ಧಿ ಹೇಳಿದೋಳು. ಮುಖ ಎಲ್ಲಿಟ್ಕೊಳ್ಲಿ?"

"ಮುಖ ಬಚ್ಚಲಿಗೆ ಹಾಕು. ಗಂಗಕ್ಕನ ಜೀವ ಮುಖ್ಯಾನಾ, ನಿನ್ನ ಮುಖ ಮುಖ್ಯಾನಾ? ನೀನು ಹೇಳ್ತೀಯೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ," ಅಂದಳು. "ನನ್ನಾಣೆ. ಡಾಕ್ಟ್ರು ಬಂದ ತಕ್ಷಣ ಹೇಳ್ತೀನಿ. ನೀನು ಹೋಗು, ಸಾಯಂಕಾಲದ ಹಾಲಿಗೆ ಹೊತ್ತಾಯ್ತು." ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದಳು. ನಂಬಿ ಬಸ್ ಹತ್ತಿದೆ.

ಡಾಕ್ಟರು ಬಂದರು. ಆಕೆ ಹೇಳಲಿಲ್ಲ. ಬಾಯಿ ತೆರೆದಳಂತೆ, ಆದರೆ ಅವರ ಹಿಂದೆ ಡಾಕ್ಟರಿಕೆ ಓದುವ ಹುಡುಗ ಹುಡುಗಿಯರ ದೊಡ್ಡ ಗುಂಪು ನಿಂತಿತ್ತಂತೆ. "ಭಾರತಮ್ಮನವರು ಗೊತ್ತಲ್ಲ, ನಮ್ಮ ಶಿಬಿರದಲ್ಲಿ ಮಾತಾಡಿದ್ದರು" ಎಂದು ಡಾಕ್ಟರು ಅವರಿಗೆ ಪರಿಚಯ ಮಾಡಿಸಿದರಂತೆ. ಆಕೆ ಅವರಿಗೆಲ್ಲ ಕೈ ಮುಗಿದಳಂತೆ. ಅವರು ಹೋದ ಮೇಲೆ ಆಕೆ ಮಾಡಿದ ಕೆಲಸ ನೋಡಿ. ಆಸ್ಪತ್ರೆ ಎದುರಿನ ಅಂಗಡಿಗೆ ಓಡಿ ಒಂದು ಪೊಟ್ಟಣ ಉಪ್ಪು, ಒಂದು ಪ್ಯಾಕೆಟ್ ಮಜ್ಜಿಗೆ ತಂದಳು. ಇಷ್ಟು ದಿನ ಬಿಟ್ಟ ಉಪ್ಪನ್ನೆಲ್ಲ ಒಂದೇ ಸಲಕ್ಕೆ ತುಂಬಿಬಿಡುವವಳಂತೆ ಹಿಡಿ ಹಿಡಿ ಕಲಸಿ ಗಂಗಕ್ಕನ ಬಾಯಿಗೆ ಹುಯ್ದಳು. ಯಾರಿಗೂ ಗೊತ್ತಾಗದಂತೆ ತಾನೇ ಸರಿಮಾಡಿಬಿಡಬಹುದು ಅನ್ನುವ ಆಸೆ. ಎಲ್ಲ ತನಗೇ ಗೊತ್ತು ಅನ್ನುವ ಆ ಹಾಳು ಧಾಟಿ ಅಲ್ಲೂ ಬಿಡಲಿಲ್ಲ. ಗಂಗಕ್ಕ ಅಷ್ಟನ್ನೂ ವಾಂತಿ ಮಾಡಿಕೊಂಡಳು. ಕಣ್ಣು ಮೇಲಕ್ಕೆ ಸಿಕ್ಕಿ, ಕೈಕಾಲು ಸೆಟೆದು ಫಿಟ್ಸ್ ಬಂತು.

ಆಗ ಭಾರತಕ್ಕ ವಾರ್ಡಿನ ನಡುವೆ ನಿಂತು ಕಿರುಚಿದಳಂತೆ. "ಉಪ್ಪು ಬಿಡಿಸಿದ್ದೆ ಸಾರ್! ಕಾಮಾಲೆ ಪಥ್ಯ ಅಂತ ನಾನೇ ಬಿಡಿಸಿದ್ದೆ! ಮಾತ್ರೆ ಉಗುಳಿಲ್ಲ ಅವಳು, ನಾನೇ ದಿನಾ ಕೈಯಾರೆ ನುಂಗಿಸ್ದೆ!" ಅಷ್ಟು ಹೊತ್ತಿಗೆ ಬೆಂಗಳೂರಿನಿಂದ ರಕ್ತದ ವರದಿಯೂ ಬಂತು. ರಕ್ತದಲ್ಲಿ ಆ ಮಾತ್ರೆ ಇರಬೇಕಾದದ್ದಕ್ಕಿಂತ ಎಷ್ಟೋ ಪಾಲು ಏರಿ ನಿಂತಿತ್ತು. ಗಂಗಕ್ಕನನ್ನು ಐಸಿಯುಗೆ ಸಾಗಿಸಿ ಡಯಾಲಿಸಿಸ್ ಹಾಕಿದರು.

ನಾನು ಮಾರನೆಯ ದಿನ ಹೋದಾಗ ಭಾರತಕ್ಕ ಐಸಿಯು ಬಾಗಿಲಿನ ಬೆಂಚಿನ ಮೇಲೆ ಕೂತಿದ್ದಳು. ನನಗೆ ಬೈಯಬೇಕು ಅಂತ ಬಾಯಿ ತುಂಬ ಮಾತಿತ್ತು. ಆಕೆಯನ್ನು ನೋಡಿದ ಮೇಲೆ ಅದನ್ನೆಲ್ಲ ಬಿಟ್ಟು ಪಕ್ಕದಲ್ಲಿ ಕೂತೆ. ಡಾಕ್ಟರ್ ಚೈತನ್ಯ ಹೊರಗೆ ಬಂದು ಬಿಡಿಸಿ ಹೇಳಿದರು. ಇದು ಹಳೆಯ ಕಾಯಿಲೆಯಲ್ಲ. ಹಳ್ಳಿಯಲ್ಲಿ ಸನ್ನಿ ಅನ್ನುತ್ತಾರಲ್ಲ, ಅದು. ಮೈಯಲ್ಲಿ ವಿಷವೇರಿ ಮೆದುಳಿಗೆ ಮಬ್ಬು ಕವಿದದ್ದು. ಒಂದು ಹೊತ್ತು ತಿಳಿವು ಬರುತ್ತದೆ, ಇನ್ನೊಂದು ಹೊತ್ತು ಹೋಗುತ್ತದೆ. ಮನೋರೋಗದ ವಾರ್ಡಿನಲ್ಲಿ ಇದ್ದವರಿಗೆ ಬಂದರೆ ಎಲ್ಲರೂ ಹಳೆಯ ಹುಚ್ಚೇ ಅಂದುಕೊಂಡು ಮೋಸಹೋಗುತ್ತಾರೆ. ಜೀವಕ್ಕೆ ಭಯವಿಲ್ಲ, ಆದರೆ ಕೈ ನಡುಕ, ನಡಿಗೆ, ಮಾತು ಪೂರ್ತಿ ಸರಿಹೋಗುತ್ತದೆ ಅಂತ ಹೇಳಲಾಗದು. "ಮೊದಲನೇ ದಿನ ಕೇಳಿದಾಗ ಹೇಳಿದ್ದರೆ ಒಳ್ಳೇದಿತ್ತು ಭಾರತಮ್ಮ. ನಾನೂ ನಿಮ್ಮ ಮಾತಿಗೇ ನಿಲ್ಲಬಾರದಿತ್ತು," ಅಂದು ಒಳಗೆ ಹೋದರು. ಅಷ್ಟೇ. ಒಂದು ಬೈಗುಳವಿಲ್ಲ.

"ಬೈದಿದ್ರೆ ಚೆನ್ನಾಗಿತ್ತು," ಅಂದಳು ಭಾರತಕ್ಕ. ಆಮೇಲೆ ತಾನಾಗಿಯೇ ಶುರು ಮಾಡಿದಳು. "ಧನಶ್ರೀ, ಮೊದಲ್ನೇ ಸಾಯಂಕಾಲಾನೇ ನಂಗೆ ಗೊತ್ತಾಯ್ತು ಕಣೇ. ಕಾಯ್ಲೆ ಬಂದಾಗ ಅವಳು ಕಂಡೋರ್ನೆಲ್ಲ ಹೆಸರು ಹಿಡ್ದು ಕರೆಯೋಳು. ಊರು, ವಾರ, ತಾರೀಖು ಒಂದೂ ತಪ್ತಾ ಇರ್ಲಿಲ್ಲ. ಕೈ ಯಾವತ್ತೂ ನಡುಗಿಲ್ಲ. ಇದು ಅದಲ್ಲ ಅಂತ ಡಾಕ್ಟ್ರಿಗಿಂತ ಮೊದ್ಲೇ ನಂಗೆ ಗೊತ್ತಾಯ್ತು. ಹಳೇದಲ್ಲ ಅಂದ್ರೆ ಹೊಸದೇನು ಅಂತ ಕೇಳ್ತಾರಲ್ಲ? ಹೊಸದು ಅಂತ ಇದ್ದಿದ್ದು ನಾನು ಮಾಡಿದ್ದೊಂದೇ. ಅದಕ್ಕೇ ಹಿಂಗೇ ಸಾರ್ ಅಂದ್‌ಬಿಟ್ಟೆ."

ಬೇಕೆಂದು ಮಾಡಿದ್ದಲ್ಲವಲ್ಲ ಅಂತ ಪಥ್ಯದ ವಿಷಯಕ್ಕೆ ಹೇಳಬಹುದಿತ್ತು. 'ಹಿಂಗೇ ಸಾರ್' ಅಂದ ಆ ಎರಡು ಮಾತಿನ ವಿಷಯಕ್ಕೆ ಹೇಳಲಾಗುತ್ತಿರಲಿಲ್ಲ.

ಗಂಗಕ್ಕನ ಸನ್ನಿ ನಿಧಾನವಾಗಿ ಇಳಿಯಿತು. ತಿಳಿವು ಪೂರ್ತಿ ಮರಳಿತು, ಮಾತ್ರೆ ಬದಲಾಯಿತು. ಮನೆಗೆ ಬಂದ ಮೇಲೂ ಗೋಡೆ ಹಿಡಿದೇ ನಡೆಯಬೇಕಾಯಿತು. ಮಾತು ಬಾಯಲ್ಲಿ ಬೆಲ್ಲ ಇಟ್ಟುಕೊಂಡವರಂತೆ ತೊದಲುತ್ತಿತ್ತು. ಪಕ್ಕದ ಮನೆಯಲ್ಲಿ ಹುಳು ಹಣ್ಣಾದಾಗ ಕರೆಯದಿದ್ದರೂ ಹೋಗಿ ಕೂತಳು. ಹಿಡಿದ ಹುಳುಗಳೆಲ್ಲ ಬೆರಳಲ್ಲಿ ಹಿಚುಕಿ ಹೋದವು. ಯಾರೂ ಏನೂ ಅನ್ನುವ ಮೊದಲೇ ಎದ್ದು ಬಂದಳು.

ಭಾರತಕ್ಕ ಜಗಲಿಯ ಮೇಲೆ ಕೂರುವುದನ್ನು ಬಿಟ್ಟಳು. ಹೋಳೂರಿನಿಂದ ಯಾರೋ ಮಗನನ್ನು ಕರೆತಂದಾಗ, "ನಂಗೇನೂ ಗೊತ್ತಿಲ್ಲ, ಡಾಕ್ಟ್ರ ಹತ್ರ ಹೋಗ್ರಿ" ಅಂದು ಒಳಗೆ ಹೋದಳು. ಎಷ್ಟು ತಿಳಿದವಳಾದರೂ ಎಷ್ಟು ತಗ್ಗಿ ನಡೆಯುತ್ತಾಳೆ ನೋಡಿ ಅಂತ ಅವರು ಹೊಗಳಿಕೊಂಡು ಹೋದರು. ಊರಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಆಕೆ ಆಟೋ ಹತ್ತುವ ಮುಂಚೆ ಹೇಳಿದ್ದೇ. ಗಂಗಾಲಕ್ಷ್ಮಿ ಮಾತ್ರೆ ಉಗುಳಿದಳು, ಕಾಯಿಲೆ ಮರುಕಳಿಸಿತು, ಅತ್ತಿಗೆ ಹಗಲಿರುಳು ಕೂತು ಉಳಿಸಿಕೊಂಡಳು. ಸನ್ನಿ ಹಿಡಿದಿದ್ದಾಗ ನಡೆದದ್ದು, ಅದಕ್ಕೆ ಮುಂಚಿನ ಕೆಲವು ದಿನಗಳದ್ದು ಗಂಗಕ್ಕನಿಗೆ ಒಂದೂ ನೆನಪಿರಲಿಲ್ಲ. ಊರು ಹೇಳಿದ್ದನ್ನೇ ಅವಳೂ ನಂಬಿದಳು. ಅವಳಿಗೆ ನಿಜ ಹೇಳಬೇಕು, ಹೇಳದಿದ್ದರೆ ತನಗೆ ಅನ್ನ ಇಳಿಯುವುದಿಲ್ಲ ಅಂತ ಭಾರತಕ್ಕ ನನ್ನ ಹತ್ತಿರ ಹೇಳುತ್ತಲೇ ಇದ್ದಳು. ಹೇಳಲು ಹೋಗಿ ಹೋಗಿ ವಾಪಸು ಬರುತ್ತಿದ್ದಳು. ಅದು ಆಕೆಯೇ ಹೇಳಬೇಕಾದ ಮಾತು ಅಂತ ನಾನೂ ಬಾಯಿ ಬಿಟ್ಟಿರಲಿಲ್ಲ.

ಆಷಾ‌ಢದ ಒಂದು ಬೆಳಿಗ್ಗೆ ಇಬ್ಬರೂ ಡೈರಿಗೆ ಬಂದರು. ಭಾರತಕ್ಕನ ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದು ಕೈ ಹಿಡಿದು ಗಂಗಕ್ಕ. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಡೈರಿಗೆ ಬಂದದ್ದು ಅದೇ ಮೊದಲು. ಸಾಲಿನಲ್ಲಿದ್ದ ಹೆಂಗಸರು ಸುತ್ತ ಸೇರಿ ಮಾತಾಡಿಸಿದರು. ಗಂಗಕ್ಕ ತಲೆ ತಗ್ಗಿಸಿ ನಿಂತವಳು ತೊದಲುತ್ತಾ ಹೇಳಿದಳು: "ಎಲ್ಲಾ ನಂದೇ ತಪ್ಪು. ಮಾತ್ರೆ ಉಗುಳಿ ನಮ್ಮತ್ತಿಗೇಗೆ ಎಷ್ಟು ಕಷ್ಟ ಕೊಟ್‌ಬಿಟ್ಟೆ. ಎಲ್ರ ಮುಂದೇನೇ ಕೇಳ್ತೀನಿ, ಅತ್ತಿಗೆ, ನನ್ನ ಮನ್ನಿಸ್‌ಬಿಡು."

ಭಾರತಕ್ಕ ಕ್ಯಾನು ಕೆಳಗಿಟ್ಟಳು. "ಇಲ್ಲ ಗಂಗಾ. ನೀನು ಮಾತ್ರೆ ಉಗುಳಿಲ್ಲ. ನಾನೇ ಉಪ್ಪು ಬಿಡಿಸ್ದೆ. ಆ ಮಾತ್ರೆ ನುಂಗೋರು ಉಪ್ಪು ಬಿಡಬಾರ್ದು ಅಂತ ಗೊತ್ತಿದ್ದೂ ಬಿಡಿಸ್ದೆ. ಡಾಕ್ಟ್ರು ಕೇಳಿದ್ರೂ ಮುಚ್ಚಿಟ್ಟೆ. ನಿನ್ನ ಕೈ, ನಿನ್ನ ಮಾತು ಹಾಳ್ಮಾಡಿದ್ದು ನಾನು." ಅಂತೂ ಹೇಳಿದಳು. ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಗಂಗಕ್ಕ ನಕ್ಕುಬಿಟ್ಟಳು.

"ಕೇಳಿದ್ರೇನ್ರೇ? ನನ್ನ ತಪ್ಪನ್ನೂ ತನ್ನ ತಲೆ ಮೇಲೆ ಹಾಕ್ಕೊಂತಾಳೆ. ಮೊದ್ಲಿಂದ್ಲೂ ಹಿಂಗೇ ಇವಳು."

"ಉಪ್ಪು ಬಿಟ್ರೆ ತಲೆ ಕೆಡುತ್ತಾ ಭಾರತಕ್ಕಾ?" ಅಂದಳು ಸಾಲಿನಲ್ಲಿದ್ದ ಒಬ್ಬಳು. "ಹಂಗಾದ್ರೆ ಶನಿವಾರ ಶನಿವಾರ ಉಪ್ಪು ಬಿಡೋ ನಮ್ಮತ್ತೆ ಇಷ್ಟೊತ್ತಿಗೆ ಬೀದಿ ಬೀದಿ ಅಲೀಬೇಕಿತ್ತು." ಎಲ್ಲರೂ ಗೊಳ್ಳೆಂದರು. ಕಾಮಾಲೆ ಅಂತ ತಾವೆಲ್ಲ ಎಷ್ಟು ಸಲ ಉಪ್ಪು ಬಿಟ್ಟಿಲ್ಲ ಅಂತ ಒಬ್ಬೊಬ್ಬರೂ ಹೇಳತೊಡಗಿದರು.

ಭಾರತಕ್ಕ ನನ್ನ ಕಡೆ ತಿರುಗಿದಳು. "ಧನಶ್ರೀ, ನೀನಾದ್ರೂ ಹೇಳೇ."

ನಾನು ಅಳತೆಯ ಪಾತ್ರೆ ಕೆಳಗಿಟ್ಟು, "ನಿಜ ಗಂಗಕ್ಕಾ. ಡಾಕ್ಟ್ರೇ ಹೇಳಿದ್ದು, ನಾನೂ ಅಲ್ಲೇ ಇದ್ದೆ. ನಿಂದು ಏನೇನೂ ತಪ್ಪಿಲ್ಲ," ಅಂದೆ.

ಗಂಗಕ್ಕ ನಮ್ಮಿಬ್ಬರನ್ನೂ ಬದಲಿಸಿ ಬದಲಿಸಿ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು. "ನಂಗೆ ಬೇಜಾರಾಗಬಾರ್ದು ಅಂತ ಇಬ್ರೂ ಮಾತಾಡ್ಕೊಂಡು ಬಂದಿದ್ದೀರ, ಅಲ್ವಾ?" ಎನ್ನುತ್ತಾ ಅತ್ತಿಗೆಯ ಕಾಲು ಮುಟ್ಟಲು ಬಗ್ಗಿದಳು. ಕಾಲು ನಿಲ್ಲದೆ ವಾಲಿದವಳನ್ನು ಭಾರತಕ್ಕ ಹಿಡಿದುಕೊಂಡು, ಅವಳ ಭಾರಕ್ಕೆ ತಾನೂ ನೆಲಕ್ಕೆ ಕುಸಿದು, ಎಲ್ಲರ ಮುಂದೆ ಬಾಯಿಬಿಟ್ಟು ಅತ್ತಳು. "ಬೇಡ ಗಂಗಾ, ಬೇಡ, ನಾನೇ ಕಣೇ, ನಾನೇ," ಅನ್ನುತ್ತಿದ್ದಳು. ಸಾಲಿನಲ್ಲಿದ್ದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡು, ಇಂಥ ಅತ್ತಿಗೆ ಎಲ್ಲರಿಗೂ ಸಿಗಲಿ ಅಂದರು.